ಕರೆದ ಮೇಲೆ ಬರುವ ಸ್ವರ

ನಮ್ಮ ಮಾವನವರ ಪಿಯಾನೊಗೆ ಸ್ವಂತ ದನಿ ಇರಲಿಲ್ಲ. ಅದು ಹಳೆಯ ಎಲೆಕ್ಟ್ರಿಕ್ ಪಿಯಾನೊ. ಹಾಗೇ ಒತ್ತಿದರೆ ಕೀಗಳ ಟಕಟಕ ಬಿಟ್ಟು ಬೇರೇನೂ ಕೇಳಿಸದು. ಅದರ ಬೆನ್ನಿನಿಂದ ಹೊರಟ ಒಂದು ವೈರು ನಡುಮನೆಯ ಆಂಪ್ಲಿಫೈಯರಿಗೆ ಸೇರಿ, ಅಲ್ಲಿಂದ ಎರಡು ಸ್ಪೀಕರುಗಳಿಗೆ ಹೋದ ಮೇಲೆಯೇ ಅದಕ್ಕೆ ಬಾಯಿ ಬರುತ್ತಿತ್ತು. ಮಾವ ಅದಕ್ಕೆ ‘ಮೂಗಿ’ ಎಂದು ಹೆಸರಿಟ್ಟಿದ್ದರು. ಬೆಳಗ್ಗೆ ಕಾಫಿ ಮುಗಿಸಿ “ಮೂಗಿ ಎದ್ದಳೇನಮ್ಮ?” ಎಂದು ಮಗಳನ್ನು ಕೇಳಿದರೆ, ಆಂಪ್ಲಿಫೈಯರ್ ಹಾಕು ಎಂದರ್ಥ.

ಆ ಮಗಳೇ ನನ್ನ ಹೆಂಡತಿ. ಮದುವೆಯಾದಾಗಿನಿಂದ ನಾನು ಅವರ ಮನೆಯಲ್ಲೇ ಇದ್ದೇನೆ. ನನ್ನ ಕೆಲಸದ ಅಂಗಡಿಯಲ್ಲಿ ಜೊತೆಗಾರರು ‘ಮನೆ ಅಳಿಯ’ ಎಂದು ಕಾಲೆಳೆಯುತ್ತಾರೆ. ಮಾವ ಮಾತ್ರ ಒಂದು ದಿನವೂ ಹಾಗೆ ಅನ್ನಿಸುವಂತೆ ನಡೆದುಕೊಂಡವರಲ್ಲ. “ಅಳಿಯಂದಿರೇ” ಎಂದು ಬಹುವಚನದಲ್ಲಿ ಕರೆದು, ನನಗಿಂತ ದೊಡ್ಡ ಲೋಟದಲ್ಲಿ ಕಾಫಿ ತೆಗೆದುಕೊಳ್ಳುವುದು ಅವರ ತಮಾಷೆ.

ನಲವತ್ತು ವರ್ಷ ಅವರು ಒಂದು ಡ್ಯಾನ್ಸ್ ಶಾಲೆಯಲ್ಲಿ ಪಿಯಾನೊ ನುಡಿಸಿದವರು. ಮಕ್ಕಳು ಗೋಡೆಯ ಕಂಬಿ ಹಿಡಿದು ಕಾಲೆತ್ತಿ ಇಳಿಸುವಾಗ ಮೂಲೆಯಲ್ಲಿ ಕೂತು ಲೆಕ್ಕಕ್ಕೆ ಸರಿಯಾಗಿ ನುಡಿಸಬೇಕು. ಅಷ್ಟೇ ಕೆಲಸ. “ನನ್ನನ್ನ ಯಾರೂ ಕೇಳಿಸಿಕೊಳ್ಳಲ್ಲ. ಆದ್ರೆ ನಾನು ತಪ್ಪಿದ್ರೆ ಇಪ್ಪತ್ತು ಜನ ಎಡವ್ತಾರೆ” ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ಶಾಲೆಯ ಮೇಡಂ ಶನಿವಾರದ ಕ್ಲಾಸನ್ನು ಅವರಿಗೇ ಉಳಿಸಿದ್ದರು. ಮಾವನ ವಾರ ಶುರುವಾಗುತ್ತಿದ್ದುದೂ ಮುಗಿಯುತ್ತಿದ್ದುದೂ ಶನಿವಾರವೇ. ಶುಕ್ರವಾರ ಸಂಜೆ ಶೂ ಪಾಲಿಶ್ ಆಗುತ್ತಿತ್ತು.

ಹೋದ ವರ್ಷ ಅವರಿಗೆ ಸಣ್ಣದಾಗಿ ಸ್ಟ್ರೋಕ್ ಆಯಿತು. ಎಡಗೈ ಎರಡು ದಿನ ಮರಗಟ್ಟಿ, ಮೂರನೆಯ ದಿನ ತಾನಾಗಿಯೇ ತಿರುಗಿ ಬಂತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, “ಮುಂದೆ ಯಾವತ್ತಾದ್ರೂ ನೀವು ಹೇಳಿದ್ದು ಕೈಗೆ ತಡವಾಗಿ ತಲುಪ್ತಾ ಇದೆ ಅನ್ನಿಸಿದ್ರೆ ತಡ ಮಾಡದೆ ಬನ್ನಿ” ಎಂದರು. ಆ ಮಾತು ನಮ್ಮ ಜೊತೆ ಮನೆಗೆ ಬಂದು, ಹೊರಡಲೊಲ್ಲದ ನೆಂಟನ ಹಾಗೆ ಕೂತುಬಿಟ್ಟಿತು. ಆದರೆ ಎರಡು ತಿಂಗಳಲ್ಲಿ ಮಾವ ಮತ್ತೆ ಶನಿವಾರದ ಕ್ಲಾಸಿಗೆ ಹೋದರು, ಒಂದು ತಪ್ಪಿಲ್ಲದೆ ನುಡಿಸಿದರು. ಬರುವಾಗ ಬಸ್ ಸ್ಟಾಪಿನಿಂದ ಶಿಳ್ಳೆ ಹಾಕುತ್ತಲೇ ನಡೆದು ಬಂದರು.

ಅವರಿಗೆ ಏನಾದರೂ ಒಳ್ಳೆಯದು ಮಾಡಬೇಕು ಎಂದು ನನಗೆ ಅನ್ನಿಸಿದ್ದು ಆಗಲೇ.

ನಾನು ಕೆಲಸ ಮಾಡುವುದು ಮನೆಗಳಿಗೆ ಸ್ಪೀಕರು, ಆಂಪ್ಲಿಫೈಯರು ಜೋಡಿಸಿಕೊಡುವ ಅಂಗಡಿಯಲ್ಲಿ. ಹಗಲು ಪೆಟ್ಟಿಗೆ ಹೊರುತ್ತ, ಸಂಜೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಮೇಲೆ ಬಂದವನು. ಸಂಜೆ ಓದಿದವರಿಗೆ ಒಂದು ಕಾಯಿಲೆ ಇರುತ್ತದೆ: ಪಾಠದ ಅರ್ಧ ಭಾಗ ತೂಕಡಿಕೆಯಲ್ಲಿ ತಪ್ಪಿಹೋಗಿದೆಯೇನೋ ಎಂಬ ಅನುಮಾನ. ಅದಕ್ಕೇ ನಾನು ಎಲ್ಲವನ್ನೂ ಎರಡು ಸಲ ಅಳೆಯುತ್ತೇನೆ, ಮೂರು ಸಲ ಬರೆದಿಡುತ್ತೇನೆ. ನಮ್ಮ ಯಜಮಾನರಿಗೆ ಗ್ರಾಫ್ ಎಂದರೆ ಪ್ರಾಣ. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಗ್ರಾಫಣ್ಣ’ ಎನ್ನುತ್ತೇವೆ. ಗಿರಾಕಿ ಬಂದರೆ ಮೊದಲು ಹಾಡು ಕೇಳಿಸುವುದಿಲ್ಲ, ಗ್ರಾಫ್ ತೋರಿಸುತ್ತಾರೆ. “ಕಿವಿ ಮೋಸ ಮಾಡುತ್ತೆ ಸಾರ್, ಗೆರೆ ಮೋಸ ಮಾಡಲ್ಲ.”

ಮನೆಗೆ ನಾನು ತಂದದ್ದು ಒಂದು ಡಿಜಿಟಲ್ ಪ್ರೊಸೆಸರ್. ಊಟದ ಡಬ್ಬಿಯಷ್ಟು ದೊಡ್ಡದು. ನಮ್ಮ ನಡುಮನೆಯಲ್ಲಿ ಮಂದ್ರ ಸ್ವರಗಳು ಗುಂಯ್‌ಗುಟ್ಟುತ್ತಿದ್ದವು. ಮಾವನ ಎಡಗೈ ಕೆಳಗಿನ ಕೀಗಳಿಗೆ ಹೋದರೆ ಗಾಜಿನ ಬೀರುವಿನಲ್ಲಿ ಲೋಟಗಳು ನಡುಗುತ್ತಿದ್ದವು. ಅದು ಕೋಣೆಯ ದೋಷ. ಕೂರುವ ಜಾಗದಲ್ಲಿ ಮೈಕ್ ನಿಲ್ಲಿಸಿದರೆ ಈ ಪೆಟ್ಟಿಗೆ ಸ್ಪೀಕರಿನಿಂದ ತಾನೇ ಒಂದು ಸದ್ದು ಹೊರಡಿಸಿ, ಕೋಣೆ ಎಲ್ಲಿ ಏನು ಸೇರಿಸುತ್ತಿದೆ ಎಂದು ಕೇಳಿಸಿಕೊಂಡು, ಅಷ್ಟನ್ನು ಮೊದಲೇ ಕಳೆದುಬಿಡುತ್ತದೆ. ಬಂದ ಸದ್ದನ್ನೆಲ್ಲ ಅಂಕಿ ಮಾಡಿ, ಲೆಕ್ಕ ಹಾಕಿ, ಮತ್ತೆ ಸದ್ದು ಮಾಡಿ ಕಳಿಸುವುದು ಅದರ ಕೆಲಸ. ‘ಸಾಧಾರಣ’, ‘ಅತಿ ನಿಖರ’ ಎಂದು ಎರಡು ಆಯ್ಕೆಗಳಿದ್ದವು. ಮಾವನಿಗೆ ಸಾಧಾರಣ ಯಾಕೆ? ನಾನು ಎರಡನೆಯದನ್ನು ಒತ್ತಿದೆ.

ಅಂಗಡಿಯ ರೂಢಿಯಂತೆ ಜೋಡಣೆಯ ಹಾಳೆಯನ್ನೂ ತುಂಬಿದೆ. ಯಾವ ಮನೆಗೆ ಹೋದರೂ ಅದನ್ನು ತುಂಬಲೇಬೇಕು. ಕೋಣೆಯ ಉದ್ದ, ಅಗಲ, ಸ್ಪೀಕರಿನ ದೂರ. ಏಳನೆಯ ಸಾಲು: ‘ಟಿವಿ ಇದೆಯೇ? ಮೈಕ್ ಇದೆಯೇ?’ ಇದೆ ಎಂದರೆ ಎಂಟನೆಯ ಸಾಲಿನಲ್ಲಿ, ಸದ್ದು ಪೆಟ್ಟಿಗೆಯನ್ನು ದಾಟಲು ಎಷ್ಟು ತಡವಾಗುತ್ತದೆ ಎಂದು ಅಳೆದು ಬರೆಯಬೇಕು. ಇಲ್ಲ ಎಂದರೆ ಗೆರೆ ಎಳೆದು ಮುಂದೆ ಹೋಗಬೇಕು. ನಮ್ಮ ಟಿವಿ ಇದ್ದದ್ದು ಮಲಗುವ ಕೋಣೆಯಲ್ಲಿ. ಮಾತಾಡುವ, ಹಾಡುವ ಮೈಕ್ ಇರಲಿಲ್ಲ. ‘ಇಲ್ಲ, ಇಲ್ಲ’ ಎಂದು ಬರೆದು ಎಂಟನೆಯ ಸಾಲಿಗೆ ನೀಟಾಗಿ ಸ್ಕೇಲಿಟ್ಟು ಗೆರೆ ಎಳೆದೆ.

ಮಾವ ಕೂತು ನುಡಿಸಿದರು. ಲೋಟಗಳು ನಡುಗಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು, “ಅಯ್ಯೋ, ಎಷ್ಟು ಚೆನ್ನಾಗಿ ಕೇಳಿಸ್ತಿದೆ ಅಪ್ಪ! ಒಂದೊಂದು ಬೆರಳೂ ಬೇರೆ ಬೇರೆ ಗೊತ್ತಾಗ್ತಿದೆ” ಎಂದಳು.

ಮಾವ ನಾಲ್ಕು ಸ್ವರ ನುಡಿಸಿ ನಿಲ್ಲಿಸಿದರು. ಮತ್ತೆ ನಾಲ್ಕು ನುಡಿಸಿದರು.

“ಶುಭ್ರವಾಗಿದೆ ಅಳಿಯಂದಿರೇ. ಈಗಷ್ಟೇ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ ಹಾಗೆ. ಆದ್ರೆ ಮೂಗಿಗೆ ಏನೋ ಬಿಗುಮಾನ ಬಂದಿದೆ. ಮೊದಲು ನನ್ನ ಜೊತೇಲೇ ಬರ್ತಿದ್ದಳು. ಈಗ ಕರೆದ ಮೇಲೆ ಬರ್ತಾಳೆ.”

ನಾವು ನಕ್ಕೆವು. ನಾನು ಲ್ಯಾಪ್‌ಟಾಪ್ ತಿರುಗಿಸಿ ಗ್ರಾಫ್ ತೋರಿಸಿದೆ. ಗೆರೆ ನೇರವಾಗಿತ್ತು. “ಹೊಸದಲ್ವಾ ಮಾವ, ಅಭ್ಯಾಸ ಆಗುತ್ತೆ.”

“ಗೆರೆ ಸರಿ ಇದ್ದ ಮೇಲೆ ಇನ್ನೇನು” ಎಂದು ಅವರು ಮತ್ತೆ ಕೀಗಳ ಮೇಲೆ ಕೈಯಿಟ್ಟರು.

ಎರಡು ವಾರ ಕಳೆಯುವಷ್ಟರಲ್ಲಿ ಅವರು ನಿಧಾನವಾದರು. ನನಗೆ ಮೊದಲು ತಿಳಿಯಲಿಲ್ಲ, ಹೆಂಡತಿಗೆ ತಿಳಿಯಿತು. ಹುಟ್ಟಿದಾಗಿನಿಂದ ಅದೇ ಪಾಠಗಳನ್ನು ಕೇಳಿಕೊಂಡು ತರಕಾರಿ ಹೆಚ್ಚಿದವಳು. “ರೀ, ಅಪ್ಪ ಶುರು ಮಾಡೋವಾಗ ಸರಿ ಇರ್ತಾರೆ. ಆಮೇಲೆ ಜಗ್ಗುತ್ತೆ. ಗಾಡಿ ಏರಿಗೆ ಬಂದ ಹಾಗೆ.” ಅಂದಿನಿಂದ ನಾನೂ ಕೇಳತೊಡಗಿದೆ. ನಿಜ. ಪ್ರತಿ ಸ್ವರವನ್ನೂ ಒತ್ತಿ, ಅದು ಬಂತೇ ಎಂದು ನೋಡಿ, ಆಮೇಲೆ ಮುಂದಿನದಕ್ಕೆ ಹೋಗುವಂತೆ ನುಡಿಸುತ್ತಿದ್ದರು. ಹೆಂಡತಿ ನನ್ನ ಮುಖ ನೋಡಿದಳು. ಡಾಕ್ಟರ ಮಾತು ಇಬ್ಬರಿಗೂ ನೆನಪಿತ್ತು.

ಒಂದು ಭಾನುವಾರ ಮಾವ ನನ್ನನ್ನು ಪಕ್ಕಕ್ಕೆ ಕರೆದರು. “ಮೂಗಿಯ ಕೀಗಳ ಅಡಿ ಕಸ ಕೂತಿರಬಹುದಾ? ಸ್ವಲ್ಪ ಬಿಚ್ಚಿ ನೋಡ್ತೀರಾ? ಅಥವಾ...” ಎಂದು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡರು.

ಆ ‘ಅಥವಾ’ ನನ್ನನ್ನು ಹೆದರಿಸಿತು. ಸ್ಕ್ರೂ ಡ್ರೈವರ್ ಹಿಡಿದು ಪಿಯಾನೊದ ಹಿಂದೆ ಕೂತೆ. ಬಿಚ್ಚಲು ಧೈರ್ಯ ಬರಲಿಲ್ಲ. ಹಳೆಯ ವಸ್ತು, ಅದರ ಒಳಗನ್ನು ನಾನು ಓದಿದವನಲ್ಲ. ಒಂದು ಸ್ಪ್ರಿಂಗ್ ಹಾರಿದರೂ ತಿರುಗಿ ಸಿಗದು. ಅವರು ಸ್ನಾನಕ್ಕೆ ಹೋಗಿದ್ದರು. ಅರ್ಧ ಗಂಟೆ ಸುಮ್ಮನೆ ಕೂತಿದ್ದು, ಅವರು ಬಂದ ಮೇಲೆ, “ನಿಮ್ಮ ಅನುಮಾನ ಸರಿ ಮಾವ. ನಾಲ್ಕೈದು ಕೀಗಳಲ್ಲಿ ಕಸ ಇತ್ತು. ಒರೆಸಿದ್ದೀನಿ. ಇನ್ನು ತೊಂದ್ರೆ ಇಲ್ಲ” ಎಂದೆ.

ಅವರು ನನ್ನನ್ನು ನೋಡಿ, “ಒಳ್ಳೆಯದಾಯ್ತು” ಎಂದರು.

ಅಷ್ಟೇ. ಅವರಿಗೆ ಸ್ವಲ್ಪ ಧೈರ್ಯ ಬರಲಿ ಎಂದು ಆಡಿದ ಮಾತು. ಆಗ ಅದು ನನಗೆ ಸುಳ್ಳಿನ ಹಾಗೆ ಕಾಣಿಸಲಿಲ್ಲ, ಔಷಧಿಯ ಹಾಗೆ ಕಾಣಿಸಿತು.

ಅಲ್ಲಿಂದ ಅವರು ದಿನಕ್ಕೆ ಮೂರು ಗಂಟೆ ಅಭ್ಯಾಸಕ್ಕೆ ಕೂತರು. ಹಠ ಹಿಡಿದು ಕೂತರು. ತಿಂಗಳ ಹೊತ್ತಿಗೆ ಜಗ್ಗುವುದು ಕಡಿಮೆಯಾಯಿತು. ನಾವಿಬ್ಬರೂ ನೆಮ್ಮದಿಯ ಉಸಿರು ಬಿಟ್ಟೆವು. ಆ ವಾರವೇ ಡ್ಯಾನ್ಸ್ ಮೇಡಂ ನನ್ನ ಹೆಂಡತಿಗೆ ಫೋನ್ ಮಾಡಿದರು.

“ನೋಡಮ್ಮ, ನಿಮ್ಮ ತಂದೆಯವರ ಮೇಲೆ ನಂಗೆ ಎಷ್ಟು ಗೌರವ ಅಂತ ನಿಂಗೆ ಗೊತ್ತು” ಎಂದು ಶುರು ಮಾಡಿದರಂತೆ. ಹಾಗೆ ಶುರುವಾದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತು. “ಇತ್ತೀಚೆಗೆ ಅವರು ಮುಂದೆ ಮುಂದೆ ಓಡ್ತಾ ಇದ್ದಾರೆ. ಮಕ್ಕಳ ಕಾಲು ನೆಲ ಮುಟ್ಟೋ ಮೊದಲೇ ಸ್ವರ ಬಂದುಬಿಡುತ್ತೆ. ನಿಧಾನ ಅಂತ ಹೇಳಿದ್ರೆ ಒಪ್ಕೋತಾರೆ, ಮತ್ತೆ ಹಾಗೇ ಆಗುತ್ತೆ. ಹೋದ ಶನಿವಾರ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ನಗೋಕೆ ಶುರು ಮಾಡಿದ್ರು. ಅವರು ಮುಖ ತಗ್ಗಿಸಿಬಿಟ್ರು.”

ಮನೆಯಲ್ಲಿ ಸರಿ, ಶಾಲೆಯ ಹಾಲ್‌ನಲ್ಲಿ ಮುಂದೆ. ಒಂದೇ ಮನುಷ್ಯ, ಒಂದೇ ವಾರ. ಹೆಂಡತಿ ಇದನ್ನು ಹೇಳಿದಾಗ ನಾನು ತಕ್ಷಣ ಹಿಡಿಯಬೇಕಿತ್ತು. ಇಬ್ಬರಲ್ಲಿ ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಸದ್ದಿನ ಪಾಠ ಓದಿದವನು ನಾನು. ನಾನು ಹೇಳಿದ್ದು ಇಷ್ಟು: “ಡಾಕ್ಟರ ಹತ್ರ ಕರ್ಕೊಂಡು ಹೋಗೋಣ.”

ಡಾಕ್ಟರು ಬೆರಳಿನಿಂದ ಮೂಗು ಮುಟ್ಟಿಸಿದರು, ನೇರ ಗೆರೆಯ ಮೇಲೆ ನಡೆಸಿದರು, ಸ್ಕ್ಯಾನ್ ಮಾಡಿಸಿದರು. ಹೊಸದೇನೂ ಕಾಣಲಿಲ್ಲ. “ಒಮ್ಮೆ ನಿಧಾನ, ಒಮ್ಮೆ ವೇಗ ಅಂದ್ರೆ ಹೊಂದಾಣಿಕೆ ತಪ್ತಾ ಇದೆ ಅಂತ. ಸ್ಕ್ಯಾನ್‌ನಲ್ಲಿ ಎಲ್ಲಾನೂ ಕಾಣಲ್ಲ. ವಯಸ್ಸೂ ಆಯ್ತಲ್ಲ” ಎಂದರು. ಮನೆಗೆ ಬಂದವರೇ ಮಾವ, ಇನ್ನು ಕ್ಲಾಸಿಗೆ ಬರುವುದಿಲ್ಲವೆಂದು ಮೇಡಂಗೆ ನಾಲ್ಕು ಸಾಲಿನ ಪತ್ರ ಬರೆದು, ಮಗಳ ಕೈಯಲ್ಲಿ ಕೊಟ್ಟು, “ಅಂಚೆಗೆ ಹಾಕಿಬಿಡಮ್ಮ. ನಾನೇ ಹೋದ್ರೆ ಅವರು ಬೇಡ ಅಂತಾರೆ, ನಾನು ಒಪ್ಪಿಬಿಡ್ತೀನಿ” ಎಂದರು.

ಆ ಶುಕ್ರವಾರ ಶೂ ಪಾಲಿಶ್ ಆಗಲಿಲ್ಲ.

ಮೂರು ವಾರದ ಮೇಲೆ ಗ್ರಾಫಣ್ಣ ನನಗೆ ಒಂದು ಚೀಟಿ ಕೊಟ್ಟರು. ಡ್ಯಾನ್ಸ್ ಶಾಲೆ, ಸ್ಪೀಕರು, ಪ್ರೊಸೆಸರು, ಮೈಕು. ಇನ್ನು ಮೇಲೆ ಅಲ್ಲಿ ರೆಕಾರ್ಡ್ ಮಾಡಿದ ಪಾಠಗಳಂತೆ. ಬೇರೆಯವರನ್ನು ಕಳಿಸಿ ಎನ್ನದೆ ಚೀಟಿ ಜೇಬಿಗಿಟ್ಟು ಹೊರಟೆ.

ಹಾಲ್‌ನ ಮೂಲೆಯಲ್ಲಿ ವೈರು ಬೇಡದ ಮರದ ಪಿಯಾನೊ ಇತ್ತು, ಮೇಲೆ ಬೂದು ಬಣ್ಣದ ಬಟ್ಟೆ ಹೊದಿಸಿದ್ದರು. ಕೂರುವ ಸ್ಟೂಲಿನ ಮೇಲೆ ಯಾರದೋ ನೀರಿನ ಬಾಟಲಿ. ನಾನು ಅತ್ತ ನೋಡದೆ ಕೆಲಸ ಮಾಡಿದೆ. ಅಳೆದೆ, ‘ಅತಿ ನಿಖರ’ ಒತ್ತಿದೆ, ಗೆರೆ ನೇರವಾಯಿತು. ಮೇಡಂ ಮೈಕ್ ಹಾಕಿಕೊಂಡು ಹಾಲ್‌ನ ನಡುವೆ ನಿಂತು, ಲೆಕ್ಕ ಹೇಳುತ್ತ ಚಪ್ಪಾಳೆ ತಟ್ಟಿದರು. ಎರಡು ಸಲ ತಟ್ಟಿ ನಿಲ್ಲಿಸಿದರು.

“ಏನಪ್ಪಾ ಇದು? ನಾನು ತಟ್ಟಿದ ಮೇಲೆ ಅದು ತಟ್ಟುತ್ತೆ! ನನ್ನನ್ನೇ ಅಣಕಿಸ್ತಾ ಇದೆಯಲ್ಲ.”

ಇದಕ್ಕೆ ಉತ್ತರ ನನಗೆ ಬಾಯಿಪಾಠ. ತಿಂಗಳಿಗೆ ನಾಲ್ಕು ಸಲ ಹೇಳುತ್ತೇನೆ. “ಪ್ರೊಸೆಸರ್ ಲೆಕ್ಕ ಹಾಕೋಕೆ ಸ್ವಲ್ಪ ಹೊತ್ತು ಬೇಕು ಮೇಡಂ. ಬರೀ ಕೇಳೋರಿಗೆ ಗೊತ್ತಾಗಲ್ಲ. ತಾವೇ ಸದ್ದು ಮಾಡಿ ತಾವೇ ಕೇಳಿಸಿಕೊಳ್ಳೋರಿಗೆ ಮಾತ್ರ...”

ಕೈಯಲ್ಲಿದ್ದ ವೈರು ಕೆಳಗೆ ಬಿತ್ತು.

“ಯಾಕಪ್ಪಾ, ಶಾಕ್ ಹೊಡೀತಾ?” ಎಂದು ಮೇಡಂ ಓಡಿಬಂದರು.

ಮನೆಗೆ ಹೋಗುವಷ್ಟೂ ದಾರಿ ನನಗೆ ಕೇಳುತ್ತಿದ್ದುದು ಒಂದೇ. ಮೂಗಿ ಕರೆದ ಮೇಲೆ ಬರ್ತಾಳೆ. ಮೊದಲ ದಿನವೇ, ಮೊದಲ ನಾಲ್ಕು ಸ್ವರಗಳಲ್ಲೇ ಅವರು ಹೇಳಿದ್ದರು. ಆಮೇಲೆ ಆ ತಡಕ್ಕೆ ಹೊಂದಿಕೊಳ್ಳಲು ಮುಂಚಿತವಾಗಿಯೇ ಒತ್ತುವುದನ್ನು ಅಭ್ಯಾಸ ಮಾಡಿದ್ದರು, ದಿನಕ್ಕೆ ಮೂರು ಗಂಟೆ. ಅದೇ ಕೈಯನ್ನು ತಡವೇ ಇಲ್ಲದ ಪಿಯಾನೊದ ಮುಂದೆ ಇಟ್ಟರೆ ಓಡದೆ ಇನ್ನೇನು? ಕೈ ಸರಿ ಇತ್ತು. ಇಲ್ಲದ ಕಾಯಿಲೆಯನ್ನು ನಾನು ಪೆಟ್ಟಿಗೆಯಲ್ಲಿ ಹಾಕಿ ತಂದು, ಸ್ಕೇಲಿಟ್ಟು ಗೆರೆ ಎಳೆದು, ಅವರಿಗೆ ಉಡುಗೊರೆ ಕೊಟ್ಟಿದ್ದೆ.

ಚಪ್ಪಲಿ ಬಿಡದೆ ಒಳಗೆ ಹೋದೆ. ಮಾವ ಪೇಪರ್ ಓದುತ್ತಿದ್ದರು. ಒಂದು ಕೀ ಒತ್ತಿ, ಕೀಯ ಟಕ್ ಸದ್ದಿನಿಂದ ಸ್ಪೀಕರಿನ ಸ್ವರಕ್ಕೆ ಎಷ್ಟು ಅಂತರ ಎಂದು ಅಳೆದೆ. ಎಂಬತ್ತು ಮಿಲಿಸೆಕೆಂಡು. ಸೆಕೆಂಡನ್ನು ಹನ್ನೆರಡು ತುಂಡು ಮಾಡಿದರೆ ಅದರಲ್ಲಿ ಒಂದು ತುಂಡು. ಲ್ಯಾಪ್‌ಟಾಪನ್ನು ಅವರ ಮುಂದೆ ಹಿಡಿದೆ.

“ಮಾವ, ತಪ್ಪು ನಿಮ್ಮ ಕೈದಲ್ಲ, ಈ ಪೆಟ್ಟಿಗೇದು. ನಂದು. ಇಲ್ಲಿ ನೋಡಿ, ಇದು ನಿಮ್ಮ ಬೆರಳು, ಇದು ಸ್ವರ. ಮಧ್ಯೆ ಇಷ್ಟು ಜಾಗ ಇದೆ.”

ಅವರು ಕನ್ನಡಕ ಸರಿಮಾಡಿಕೊಂಡು ತುಂಬಾ ಹೊತ್ತು ನೋಡಿದರು. “ಅವತ್ತೂ ಒಂದು ಗೆರೆ ತೋರಿಸಿದ್ರಲ್ವಾ?” ಎಂದರು. ಕೊಂಕು ಇರಲಿಲ್ಲ. ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದರು.

ನಾನು ಪೆಟ್ಟಿಗೆಯ ವೈರು ಕಿತ್ತು ಪಿಯಾನೊವನ್ನು ನೇರ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. “ಈಗ ನುಡಿಸಿ. ಒಂದೇ ಒಂದು ಸಲ.”

ಅಷ್ಟರಲ್ಲಿ ಕೆಲಸದಿಂದ ಬಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. ಮಾವ ಎದ್ದು, ಮೂಗಿಯ ಮುಂದೆ ಕೂತು, ಶನಿವಾರದ ಮೊದಲ ಪಾಠ ಎತ್ತಿಕೊಂಡರು. ಮೂರೇ ಸಾಲು. ಎಡಗೈ ಮುನ್ನುಗ್ಗಿತು, ಬಲಗೈ ಅದನ್ನು ಹಿಡಿಯಲು ಹೋಗಿ ಮುಗ್ಗರಿಸಿತು. ಬೀರುವಿನ ಲೋಟಗಳು ಗಲಗಲ ಎಂದವು. ಅವರು ಕೈ ಎತ್ತಿಬಿಟ್ಟರು.

“ನೋಡಿದ್ರಲ್ಲ” ಎಂದರು ಮೆಲ್ಲಗೆ.

“ಅದು ಅಭ್ಯಾಸ ಮಾವ! ಅದರ ತಡವನ್ನ ನೀವು ಕಲಿತುಬಿಟ್ಟಿದ್ದೀರಿ. ಹದಿನೈದು ದಿನ ಹೀಗೇ ನುಡಿಸಿದ್ರೆ ಮರೆತುಹೋಗುತ್ತೆ. ಮೇಡಂಗೆ ನಾನೇ ಹೇಳ್ತೀನಿ, ಅವರು ಖಂಡಿತ...”

“ಹೌದಪ್ಪ, ಅವರು ನಂಬಿದ್ರು ಅಂತಾನೇ ಅನ್ಕೋ” ಎಂದು ಮಾವ ಸ್ಟೂಲಿನ ಮೇಲೇ ನನ್ನ ಕಡೆ ತಿರುಗಿದರು. ಮದುವೆಯಾದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. “ನೀನು ಒಳ್ಳೆಯವನು. ಅವತ್ತೂ ನಂಗೆ ಸಮಾಧಾನ ಆಗ್ಲಿ ಅಂತಾನೇ ಕಸ ಒರೆಸ್ದೆ ಅಂದೆ. ಹಿಂದುಗಡೆ ಸ್ಕ್ರೂ ಮೇಲೆ ಹಳೇ ರಿಪೇರಿಯವನು ಅಂಟಿಸಿದ ಕಾಗದ ಹರಿಯದೆ ಹಾಗೇ ಇದೆ, ನೋಡ್ಕೊಂಡೆ. ಬೇಜಾರಾಗಲಿಲ್ಲ. ಇಷ್ಟು ಕಾಳಜಿ ಮಾಡೋ ಅಳಿಯ ಯಾರಿಗೆ ಸಿಗ್ತಾನೆ ಅಂತ ಅನ್ಕೊಂಡೆ. ಇವತ್ತೂ ಹಾಗೇ ಏನೋ ತಂದಿದ್ದೀಯ. ಬೇಡ. ನಂಗೆ ಅರ್ಥ ಆಗಿದೆ.”

“ಇವತ್ತು ನಿಜ ಮಾವ.”

“ಆಯ್ತು.”

“ನಿಜವಾಗ್ಲೂ.”

“ಆಯ್ತು ಅಂದ್ನಲ್ಲ.”

ನಾನು ಹೆಂಡತಿಯ ಕಡೆ ನೋಡಿದೆ, ನೀನಾದರೂ ಹೇಳು ಎನ್ನುವಂತೆ. ಅವಳ ಕಣ್ಣಲ್ಲಿ ನೀರಿತ್ತು. ಆ ನೀರಿನಲ್ಲಿ ನನ್ನ ಬಗ್ಗೆ ಅಪ್ಪನಿಗೆ ಇದ್ದಂಥದೇ ಕೃತಜ್ಞತೆ ಇತ್ತು. ಅವಳೂ ನಂಬಿರಲಿಲ್ಲ.

ಮಾವ ಮೂಗಿಯ ಮುಚ್ಚಳ ಇಳಿಸಿದರು. ನಲವತ್ತು ವರ್ಷದ ಅಭ್ಯಾಸ, ಸದ್ದಾಗದ ಹಾಗೆ ಬೆರಳು ಅಡ್ಡ ಇಟ್ಟು ಇಳಿಸಿದರು.

“ಆ ಪೆಟ್ಟಿಗೆ ತಿರುಗಿ ಹಾಕಿಬಿಡಿ ಅಳಿಯಂದಿರೇ. ಲೋಟ ಗಲಗಲ ಅನ್ನೋದು ಮತ್ತೆ ಶುರುವಾಯ್ತು. ಕೇಳೋಕೆ ಅದೇ ಚೆನ್ನಾಗಿರುತ್ತೆ, ಅವತ್ತು ಇವಳೇ ಹೇಳಿದ್ಲಲ್ಲ. ಇನ್ನು ಮೇಲೆ ಕೇಳೋದೇ ತಾನೆ.”

ಹಠ ಮಾಡಬಹುದಿತ್ತು, ಕೂಗಾಡಬಹುದಿತ್ತು. ನಾನು ದನಿ ಏರಿಸಿದಷ್ಟೂ ಅವರಿಗೆ ಅದು ದೊಡ್ಡ ಕನಿಕರವಾಗಿ ಕೇಳಿಸುತ್ತದೆ ಎಂದು ಗೊತ್ತಿತ್ತು. ಬಗ್ಗಿ ಪೆಟ್ಟಿಗೆಯ ವೈರನ್ನು ಮೊದಲಿದ್ದಲ್ಲಿಗೇ ಸಿಕ್ಕಿಸಿದೆ. ಒಳಗೆ ಹೋಗಿ, ಫೈಲಿನಿಂದ ನಮ್ಮ ಮನೆಯ ಹಾಳೆ ತೆಗೆದು, ಎಂಟನೆಯ ಸಾಲಿನ ಗೆರೆಯ ಮೇಲೆ ‘೮೦’ ಎಂದು ಬರೆದೆ. ಬರೆದ ಮೇಲೆ ಆ ಹಾಳೆಯನ್ನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಫೈಲಿಗೇ ಹಾಕಿದೆ.

ಹೊರಗೆ ಬಂದಾಗ ಮಾವ ಒಂದು ರೆಕಾರ್ಡ್ ಹಾಕಿ, ಅಂದು ನಾನು ಮೈಕ್ ನಿಲ್ಲಿಸಿದ್ದ ಜಾಗದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. “ಇಲ್ಲಿ ತಾನೆ ಸರಿಯಾಗಿ ಕೇಳಿಸೋದು?” ಎಂದರು. ಯಾರೋ ಎಲ್ಲೋ ನುಡಿಸಿದ ಪಿಯಾನೊ. ಸ್ವರಗಳು ತೊಳೆದಿಟ್ಟ ಹಾಗೆ ಒಂದೊಂದಾಗಿ ಬಂದವು. ಲೋಟಗಳು ಅಲ್ಲಾಡಲಿಲ್ಲ.

ಅವರು ಕಣ್ಣು ಮುಚ್ಚಿದ್ದರು. ಕುರ್ಚಿಯ ಕೈ ಮೇಲೆ ಎಡಗೈ ಬೆರಳುಗಳು ತಮ್ಮ ಪಾಡಿಗೆ ತಾಳ ಹಾಕುತ್ತಿದ್ದವು. ಒಂದು, ಎರಡು, ಮೂರು. ಒಂದು ಕೂದಲೆಳೆಯಷ್ಟೂ ಹಿಂದಿಲ್ಲ, ಮುಂದಿಲ್ಲ. ನಾನು ಒಂದು ಪಾಠ ಮುಗಿಯುವಷ್ಟು ಹೊತ್ತು ನೋಡಿದೆ. ಒಂದು ಸಲವೂ ತಪ್ಪಲಿಲ್ಲ.

“ಮಾವ,” ಎಂದೆ, “ನಿಮ್ಮ ಕೈ ನೋಡ್ಕೊಳ್ಳಿ.”

ಅವರು ಬೆಚ್ಚಿ ಕಣ್ಣು ಬಿಟ್ಟರು. ಎಡಗೈಯನ್ನು ಒಮ್ಮೆ ನೋಡಿ, ಮತ್ತೇನೋ ತಪ್ಪು ಸಿಕ್ಕಿಬಿದ್ದಿತೆಂಬಂತೆ ನಾಚಿ, ಅದನ್ನು ಮೆಲ್ಲಗೆ ಹೊದ್ದಿದ್ದ ಶಾಲಿನೊಳಗೆ ಎಳೆದುಕೊಂಡರು.